ಸುದ್ದಿ ಯಾವ ಕಡೆ ವಾಲಿದೆ ಅಂತ ಮಕ್ಕಳಿಗೆ ಕಲಿಸೋದು ಹೇಗೆ?

ಪ್ರಶ್ನೆ: ನಾನು ಒಂಬತ್ತನೇ ಕ್ಲಾಸಿಗೆ ಪಾಠ ಮಾಡ್ತೀನಿ. ಸುದ್ದಿಯಲ್ಲಿ ಪಕ್ಷಪಾತ ಗುರುತಿಸೋದು ಕಲಿಸೋಣ ಅಂತ ಒಂದೇ ಘಟನೆ ಬಗ್ಗೆ ಎರಡು ಪೇಪರ್ ತಂದು ಓದಿಸಿದೆ. ಮಕ್ಕಳು ತಮ್ಮ ಮನೆಗೆ ಬರೋ ಪೇಪರೇ ಸರಿ, ಇನ್ನೊಂದು ಮಾರಿಕೊಂಡಿರೋದು ಅಂತ ಎರಡು ಗುಂಪಾಗಿ ಜಗಳಕ್ಕೆ ನಿಂತ್ರು, ಉಳಿದವರು "ಎಲ್ಲಾ ಸುಳ್ಳೇ ಮೇಡಂ" ಅಂತ ಸುಮ್ಮನಾದ್ರು. ಮಾರನೇ ದಿನ ಒಬ್ಬ ಪೋಷಕರು ಬಂದು ಕ್ಲಾಸಲ್ಲಿ ರಾಜಕೀಯ ಯಾಕೆ ಅಂತ ಕೇಳಿದ್ರು. ಯಾವ ಪೇಪರ್, ಯಾವ ಚಾನೆಲ್ ಯಾರ ಕಡೆ ಅಂತ ಒಂದು ಪಟ್ಟಿ ಇದ್ರೆ ಸುಲಭ ಆಗುತ್ತಾ? ಇದಕ್ಕೆ ಮಾರ್ಕ್ಸ್ ಹೇಗೆ ಕೊಡೋದು?

ಉತ್ತರ:

ಮೇಡಂ, ಆ ಪಟ್ಟಿ ಬೇಡ. ಯಾಕೆ ಬೇಡ ಅಂತ ಆಮೇಲೆ ಹೇಳ್ತೀನಿ. ನಿಮ್ಮ ಕ್ಲಾಸಲ್ಲಿ ಆಗಿದ್ದು ಎಲ್ಲರ ಕ್ಲಾಸಲ್ಲೂ ಆಗುತ್ತೆ, ಅದಕ್ಕೆ ಬೇಜಾರು ಮಾಡ್ಕೋಬೇಡಿ. ಎರಡು ಪೇಪರ್ ಪಕ್ಕಪಕ್ಕ ಇಟ್ಟು ಪಕ್ಷಪಾತ ಎಲ್ಲಿದೆ ಹುಡುಕಿ ಅಂದ್ರೆ ದೊಡ್ಡೋರೂ ಇದನ್ನೇ ಮಾಡ್ತಾರೆ, ತಮಗಾಗದ ಪೇಪರಲ್ಲಿ ಹುಡುಕ್ತಾರೆ, ಸಿಗುತ್ತೆ, ಖುಷಿಯಾಗಿ ಮಡಚಿ ಇಡ್ತಾರೆ. ನಾನು ಹದಿನೈದು ವರ್ಷ ಪೇಪರ್ ಡೆಸ್ಕಲ್ಲಿ ಕೂತು ಬೇರೆಯವರ ಕಾಪಿ, ಅಂದ್ರೆ ರಿಪೋರ್ಟರ್‌ಗಳು ಬರೆದು ಕಳಿಸಿದ ಸುದ್ದಿ, ತಿದ್ದಿದೋನು, ಆಮೇಲೆ ಈ ಪಾಠ ಮಾಡೋಕೆ ಬಂದೋನು. ಇಷ್ಟರಲ್ಲಿ ನನಗೆ ಗಟ್ಟಿಯಾಗಿ ಅನ್ಸಿರೋದು ಒಂದು. ತನಗೆ ಇಷ್ಟವಾದ, ತಾನು ಹೌದು ಹೌದು ಅಂತ ತಲೆ ಆಡಿಸಿ ಓದಿದ ಸುದ್ದಿಯಲ್ಲಿ ವಾಲಿಕೆ ಎಲ್ಲಿದೆ ಅಂತ ಮಗು ತೋರಿಸೋ ತನಕ ಅದಕ್ಕೆ ಈ ವಿದ್ಯೆ ಬಂದಿಲ್ಲ ಅಂತಲೇ ಲೆಕ್ಕ. ಎದುರಾಳಿ ತಪ್ಪು ತೋರಿಸೋಕೆ ಮಕ್ಕಳಿಗೆ ನಾವು ಕಲಿಸೋದೇ ಬೇಡ, ಅದು ಹುಟ್ಟಿನಿಂದ ಬಂದಿರುತ್ತೆ.

ಹಾಗಾಗಿ ಪೇಪರ್ ತೆಗೆಯೋಕೆ ಮುಂಚೆ ಅವರಿಗೊಂದು ಮ್ಯಾಚ್ ಕತೆ ಹೇಳಿ. 1951ರ ನವೆಂಬರಲ್ಲಿ ಅಮೆರಿಕದ ಡಾರ್ಟ್‌ಮತ್ ಮತ್ತು ಪ್ರಿನ್ಸ್‌ಟನ್ ಅನ್ನೋ ಎರಡು ಕಾಲೇಜಿನ ಮಧ್ಯೆ ಫುಟ್‌ಬಾಲ್ ಮ್ಯಾಚ್ ಆಯ್ತು, ಅವರ ಫುಟ್‌ಬಾಲ್ ಅಂದ್ರೆ ಚೆಂಡು ಕೈಯಲ್ಲಿ ಹಿಡ್ಕೊಂಡು ಮೈಮೇಲೆ ಬಿದ್ದು ಆಡೋದು. ಪ್ರಿನ್ಸ್‌ಟನ್ ಕಡೆಯ ದೊಡ್ಡ ಆಟಗಾರನ ಮೂಗು ಮುರೀತು, ಡಾರ್ಟ್‌ಮತ್ ಕಡೆ ಒಬ್ಬನ ಕಾಲು ಮುರೀತು. ಆಮೇಲೆ ಎರಡೂ ಕಾಲೇಜಿನ ಪೇಪರ್‌ಗಳಲ್ಲಿ ನೀವು ಮೊದಲು ಶುರು ಮಾಡಿದ್ದು, ಇಲ್ಲ ನೀವು ಅಂತ ಶುರುವಾಯ್ತು. ಆಲ್ಬರ್ಟ್ ಹ್ಯಾಸ್ಟಾರ್ಫ್, ಹ್ಯಾಡ್ಲಿ ಕ್ಯಾಂಟ್ರಿಲ್ ಅಂತ ಇಬ್ಬರು ಮನಶ್ಶಾಸ್ತ್ರಜ್ಞರು ಅದೇ ಮ್ಯಾಚಿನ ಅದೇ ಫಿಲ್ಮನ್ನ ಎರಡೂ ಕಾಲೇಜಿನ ಹುಡುಗರಿಗೆ ತೋರಿಸಿ ಎಷ್ಟು ಫೌಲ್ ಆಯ್ತು ಎಣಿಸಿ ಅಂದ್ರು. ಡಾರ್ಟ್‌ಮತ್‌ನೋರು ಮಾಡಿದ ಫೌಲು ಪ್ರಿನ್ಸ್‌ಟನ್ ಹುಡುಗರಿಗೆ ಸರಾಸರಿ 9.8 ಕಾಣಿಸ್ತು, ಡಾರ್ಟ್‌ಮತ್ ಹುಡುಗರಿಗೆ ಬರೀ 4.3. ಒಂದೇ ಫಿಲ್ಮು! ಯಾರೂ ಬೇಕಂತ ಸುಳ್ಳು ಹೇಳ್ಲಿಲ್ಲ, ಅವರಿಗೆ ಕಂಡಿದ್ದೇ ಅಷ್ಟು. 1954ರಲ್ಲಿ ಇದು ಪ್ರಕಟ ಆಯ್ತು. ಈ ಕತೆ ಹೇಳಿದಾಗ ಮಕ್ಕಳು ನಗ್ತಾರೆ, ಯಾಕಂದ್ರೆ ಪಿಟಿ ಪಿರಿಯಡ್ ಮುಗಿದ ಮೇಲೆ ಔಟಾ ನಾಟೌಟಾ ಅಂತ ಅವರೂ ಇದನ್ನೇ ಮಾಡಿರ್ತಾರೆ.

ನಗು ಮುಗಿದ ಮೇಲೆ ಎರಡನೇ ಕತೆ. 1985ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವ್ಯಾಲೋನ್, ರಾಸ್, ಲೆಪ್ಪರ್ ಅನ್ನೋ ಮೂವರು ಇದೇ ಪ್ರಯೋಗವನ್ನ ಸುದ್ದಿ ಇಟ್ಕೊಂಡು ಮಾಡಿದ್ರು. 1982ರಲ್ಲಿ ಲೆಬನಾನಿನ ಬೈರೂತಲ್ಲಿ ನಡೆದ ಪ್ಯಾಲೆಸ್ತೀನಿ ನಿರಾಶ್ರಿತರ ಹತ್ಯಾಕಾಂಡದ ಬಗ್ಗೆ ಬಂದಿದ್ದ ಟೀವಿ ಸುದ್ದಿ ತುಣುಕುಗಳನ್ನ ಇಸ್ರೇಲ್ ಪರ ಇರೋ ವಿದ್ಯಾರ್ಥಿಗಳಿಗೂ ಅರಬ್ಬರ ಪರ ಇರೋರಿಗೂ ತೋರಿಸಿದ್ರು. ಇಸ್ರೇಲ್ ಪರದೋರು ಇದು ಇಸ್ರೇಲ್ ವಿರುದ್ಧ ಇದೆ ಅಂದ್ರು, ಅರಬ್ಬರ ಪರದೋರು ಇದು ಇಸ್ರೇಲ್ ಪರ ಇದೆ ಅಂದ್ರು. ಅದೇ ತುಣುಕು. ಸುದ್ದಿ ನಮ್ಮ ವಿರುದ್ಧ ಇದೆ ಅಂತ ಅನಿಸಿದ ಮಾತ್ರಕ್ಕೆ ಅದು ವಿರುದ್ಧ ಇರಲೇಬೇಕು ಅಂತಿಲ್ಲ ಅನ್ನೋದು ಮಕ್ಕಳ ತಲೆಗೆ ಇಲ್ಲಿ ಹೋದ್ರೆ ಮುಂದಿನ ಅರ್ಧ ಕೆಲಸ ಆದಂಗೆ. ಅವತ್ತು ನಿಮ್ಮ ಕ್ಲಾಸಲ್ಲಿ ಎರಡು ಗುಂಪು ಜಗಳಕ್ಕೆ ನಿಂತಿತ್ತಲ್ಲ, ಅದನ್ನೇ ಇಲ್ಲಿ ನೆನಪಿಸಿ, ಬೈಯೋಕಲ್ಲ, ಅವರಿಗೇ ಗೊತ್ತಾಗ್ಲಿ ಅಂತ.

ಆಮೇಲೂ ಪೇಪರ್ ತೆಗೀಬೇಡಿ. ಮೊದಲು ಅವರ ಕೈಯಲ್ಲೇ ಸುದ್ದಿ ಬರೆಸಿ. ನಾನು ಮಾಡಿಸೋ ರೀತಿ ಹೇಳ್ತೀನಿ. ಒಂದು ಕಾಲ್ಪನಿಕ ಶಾಲೆಯ ಘಟನೆ ಬಗ್ಗೆ ಈ ಸಂಗತಿಗಳನ್ನ ಬೋರ್ಡ್ ಮೇಲೆ ಬರೀತೀನಿ: ಸೋಮವಾರದಿಂದ ಊಟದ ಬಿಡುವಿನಲ್ಲಿ ಆಟದ ಮೈದಾನ ಮುಚ್ಚಿರುತ್ತೆ ಅಂತ ಹೆಡ್‌ಮಾಸ್ಟರ್ ನೋಟಿಸ್ ಹಾಕಿದ್ರು, ಎರಡು ವಾರದ ಮಟ್ಟಿಗೆ. ಹೋದ ತಿಂಗಳು ಮೂರು ಮಕ್ಕಳು ಬಿದ್ದು ಪೆಟ್ಟು ಮಾಡ್ಕೊಂಡಿದ್ರು, ಒಬ್ಬನ ಕೈ ಮುರಿದಿತ್ತು. ಮೈದಾನದ ಕಲ್ಲು ತೆಗೆಸಿ ಅಂತ ಒಂದು ವರ್ಷದಿಂದ ಮಕ್ಕಳು ಅರ್ಜಿ ಕೊಡ್ತಾ ಇದ್ರು. ಬಿಡುವಿನಲ್ಲಿ ಮೈದಾನ ನೋಡ್ಕೊಳ್ಳೋಕೆ ಮೇಷ್ಟ್ರು ಯಾರೂ ಇಲ್ಲ. ಮಂಗಳವಾರ 40 ಮಕ್ಕಳು ಹೆಡ್‌ಮಾಸ್ಟರ್ ರೂಮಿನ ಮುಂದೆ ಹೋಗಿ ನಿಂತ್ರು, ಶಾಲೆಯಲ್ಲಿ ಒಟ್ಟು ಇರೋದು 600 ಮಕ್ಕಳು. ಆ ಗದ್ದಲದಲ್ಲಿ ಒಂದು ಹೂಕುಂಡ ಒಡೀತು, ಯಾರ ಕಾಲು ತಗುಲಿ ಅಂತ ಗೊತ್ತಿಲ್ಲ. ಒಬ್ಬ ತಾಯಿ ಹೆಡ್‌ಮಾಸ್ಟರ್ ಮಾಡಿದ್ದು ಒಳ್ಳೇದಾಯ್ತು ಅಂದ್ರು.

ಕ್ಲಾಸನ್ನ ಎರಡು ಭಾಗ ಮಾಡಿ ಒಂದು ಕಡೆಗೆ ನೀವು ಹೆಡ್‌ಮಾಸ್ಟರ್ ಸ್ನೇಹಿತರು ನಡೆಸೋ ಪೇಪರ್, ಇನ್ನೊಂದು ಕಡೆಗೆ ನೀವು ಮಕ್ಕಳ ಸಂಘದ ಪೇಪರ್ ಅಂತ ಹೇಳಿ, ಒಂದು ಕಟ್ಟಳೆ ಹಾಕ್ತೀನಿ, ಒಂದೇ ಒಂದು ಸುಳ್ಳೂ ಬರೀಬಾರ್ದು, ಹೆಡ್‌ಲೈನ್ ಸೇರಿ ನಾಲ್ಕೇ ವಾಕ್ಯ. ಹತ್ತು ನಿಮಿಷದಲ್ಲಿ ಬರೋದು ಹೆಚ್ಚುಕಮ್ಮಿ ಹೀಗಿರುತ್ತೆ.

ಮೊದಲನೇದು: "ಹೂಕುಂಡ ಒಡೆದು ವಿದ್ಯಾರ್ಥಿಗಳ ದಾಂಧಲೆ. ಮಕ್ಕಳ ಸುರಕ್ಷತೆಗಾಗಿ ಮುಖ್ಯೋಪಾಧ್ಯಾಯರು ಎರಡು ವಾರದ ಮಟ್ಟಿಗೆ ಕೈಗೊಂಡ ಕ್ರಮವನ್ನು ವಿರೋಧಿಸಿ ಕೇವಲ 40 ವಿದ್ಯಾರ್ಥಿಗಳು ಅವರ ಕೊಠಡಿಗೆ ಮುತ್ತಿಗೆ ಹಾಕಿದರು. ಕಳೆದ ತಿಂಗಳಷ್ಟೇ ಮೂವರು ಮಕ್ಕಳು ಗಾಯಗೊಂಡಿದ್ದು, ಒಬ್ಬನ ಕೈ ಮುರಿದಿತ್ತು. ಕ್ರಮವನ್ನು ಪೋಷಕರು ಸ್ವಾಗತಿಸಿದ್ದಾರೆ."

ಎರಡನೇದು: "ಆಟದ ಹಕ್ಕು ಕಸಿದ ಶಾಲೆ: ಬೀದಿಗಿಳಿದ ಮಕ್ಕಳು. ಕಲ್ಲು ತೆಗೆಸುವಂತೆ ಒಂದು ವರ್ಷದಿಂದ ಅಂಗಲಾಚಿದರೂ ಕಿವಿಗೊಡದ ಮುಖ್ಯೋಪಾಧ್ಯಾಯರು ಈಗ ಮೈದಾನಕ್ಕೇ ಬೀಗ ಜಡಿದಿದ್ದಾರೆ. ಬಿಡುವಿನಲ್ಲಿ ನಿಗಾ ಇಡಲು ಒಬ್ಬ ಶಿಕ್ಷಕರನ್ನೂ ನೇಮಿಸಿಲ್ಲ. ಹತ್ತಾರು ವಿದ್ಯಾರ್ಥಿಗಳು ಶಾಂತಿಯುತವಾಗಿ ಪ್ರತಿಭಟಿಸಿದರು."

ಎರಡನ್ನೂ ಬೋರ್ಡ್ ಮೇಲೆ ಬರೆಸಿ ನಿಧಾನಕ್ಕೆ ಬಿಚ್ಚಿ. ಒಬ್ಬ ತಾಯಿ "ಪೋಷಕರು" ಆಗಿದ್ದಾರೆ. 40 ಒಂದು ಕಡೆ "ಕೇವಲ" ಆಗಿದೆ, ಇನ್ನೊಂದು ಕಡೆ "ಹತ್ತಾರು" ಆಗಿದೆ, 600 ಅನ್ನೋದು ಇಬ್ಬರಿಗೂ ಬೇಡವಾಗಿದೆ. ನಿಂತ್ಕೊಂಡಿದ್ದು "ಮುತ್ತಿಗೆ" ಆಯ್ತು, ಶಾಲೆ ಒಳಗೇ ಇದ್ದೋರು "ಬೀದಿಗಿಳಿದ್ರು". ಯಾರು ಒಡೆದ್ರೋ ಗೊತ್ತಿಲ್ಲದ ಹೂಕುಂಡ ಒಂದು ಹೆಡ್‌ಲೈನಿಗೇ ಏರಿದೆ, ಇನ್ನೊಂದರಲ್ಲಿ ಹೂಕುಂಡವೇ ಮಾಯ, ಮೇಲೆ "ಶಾಂತಿಯುತ" ಬೇರೆ. "ಎರಡು ವಾರ" ಅನ್ನೋ ಎರಡು ಪದ ಎರಡನೇ ಸುದ್ದಿಯಲ್ಲಿ ಇದ್ದಿದ್ರೆ "ಹಕ್ಕು ಕಸಿದ" ಅನ್ನೋ ಹೆಡ್‌ಲೈನೇ ನಿಲ್ತಾ ಇರ್ಲಿಲ್ಲ. ಸುಳ್ಳು ಬರೀಬಾರ್ದು ಅಂದಿದ್ರೂ ಒಂದೆರಡು ಕಡೆ ಗಡಿ ದಾಟಿದ್ದಾರೆ, ಯಾವ ಪದ ದಾಟಿದೆ ಅಂತ ಅವರವರಲ್ಲೇ ವಾದ ಆಗ್ಲಿ ಬಿಡಿ, ಆ ವಾದಾನೇ ಪಾಠ. ಇಲ್ಲಿ ಯಾವ ಮಗುವಿನ ಮನೆ ಪೇಪರೂ ಬಂದಿಲ್ಲ, ಯಾವ ಪಕ್ಷವೂ ಬಂದಿಲ್ಲ, ಆದ್ರೂ ತಾನೇ ಬರೆದ ನಾಲ್ಕು ವಾಕ್ಯ ಎಷ್ಟು ವಾಲಿದೆ ಅಂತ ಕಣ್ಣಾರೆ ಕಂಡಿರ್ತಾರೆ. ಇದಾದ ಮೇಲೆ ಮಾತ್ರ ನಿಜವಾದ ಪೇಪರ್ ಕೊಡಿ.

ಪೇಪರ್ ಓದುವಾಗ ಎಲ್ಲಿ ಕಣ್ಣಿಡಬೇಕು ಅನ್ನೋದಕ್ಕೆ ಇಂಗ್ಲಿಷಲ್ಲಿ ಬೇಕಾದಷ್ಟು ಸಾಮಗ್ರಿ ಇದೆ, ಆದ್ರೆ ಅದನ್ನ ತರ್ಜುಮೆ ಮಾಡಿ ಕೊಟ್ರೆ ಕನ್ನಡ ಸುದ್ದಿಯಲ್ಲಿ ಎದ್ದು ಕಾಣೋದೇ ತಪ್ಪಿಹೋಗುತ್ತೆ. ನಮ್ಮಲ್ಲಿ ಮರ್ಯಾದೆ ಕ್ರಿಯಾಪದದ ಬಾಲದಲ್ಲೇ ಇರುತ್ತೆ. "ಮೊಬೈಲ್ ಕಳವು ಪ್ರಕರಣದಲ್ಲಿ ಸಿಕ್ಕಿಬಿದ್ದ ಯುವಕ ವಿಚಾರಣೆ ವೇಳೆ ಬಾಯಿಬಿಟ್ಟಿದ್ದಾನೆ" ಅಂತ ಒಂದು ಸುದ್ದಿ, "ಕೋಟ್ಯಂತರ ರೂಪಾಯಿ ವಂಚನೆ ಆರೋಪ ಎದುರಿಸುತ್ತಿರುವ ಉದ್ಯಮಿ ವಿಚಾರಣೆಗೆ ಹಾಜರಾಗಿ ಮಾಹಿತಿ ನೀಡಿದರು" ಅಂತ ಇನ್ನೊಂದು. ಇಬ್ಬರೂ ಆರೋಪಿಗಳೇ, ಇಬ್ಬರ ಮೇಲೂ ತೀರ್ಪು ಬಂದಿಲ್ಲ, ಆದ್ರೆ ಒಬ್ಬ "ಅವನು", ಇನ್ನೊಬ್ಬರು "ಅವರು". ಒಬ್ಬ ಸಿಕ್ಕಿಬೀಳ್ತಾನೆ, ಇನ್ನೊಬ್ಬರು ಆರೋಪ ಎದುರಿಸ್ತಾರೆ. ಒಬ್ಬ ಬಾಯಿಬಿಡ್ತಾನೆ, ಇನ್ನೊಬ್ಬರು ಮಾಹಿತಿ ನೀಡ್ತಾರೆ. ಡೆಸ್ಕಲ್ಲಿ ಇದನ್ನ ಯಾರೂ ಕೂತು ಯೋಚಿಸಿ ಮಾಡಲ್ಲ, ಕೈ ತಾನಾಗೇ ಬರೆಯುತ್ತೆ, ನಾನೂ ನೂರಾರು ಸಲ ಬರೆದಿದೀನಿ. ಮಕ್ಕಳಿಗೆ ಒಂದು ವಾರದ ಪೇಪರ್ ಕೊಟ್ಟು ಯಾರಿಗೆ "ಇದ್ದಾನೆ", ಯಾರಿಗೆ "ಇದ್ದಾರೆ" ಅಂತ ಎರಡು ಬಣ್ಣದಲ್ಲಿ ಗೆರೆ ಎಳೆಸಿ, ಆಮೇಲೆ ಏಕವಚನ ಸಿಕ್ಕೋರು ಏನು ಕೆಲಸ ಮಾಡೋರು, ಎಷ್ಟು ವಯಸ್ಸಿನೋರು ಅಂತ ಪಕ್ಕದಲ್ಲಿ ಬರೆಸಿ. ನೀವು ಬಾಯಿ ಬಿಚ್ಚೋದೇ ಬೇಡ.

ಸಾವಿನ ಪದಗಳೂ ಹಾಗೇ. ನಿಧನ, ವಿಧಿವಶ, ಅಸುನೀಗಿದರು, ಮೃತಪಟ್ಟ, ಬಲಿ, ಹತ, ಹುತಾತ್ಮ, ಹೀಗೆ ನಮ್ಮಲ್ಲಿ ಒಂದು ಗಂಟು ಪದ ಇದೆ, ಯಾವುದು ಯಾರಿಗೆ ಸಿಗುತ್ತೆ ಅಂತ ನೋಡಿದ್ರೆ ಬರೆದೋರು ಯಾರ ಪಕ್ಕ ನಿಂತು ಬರೆದ್ರು ಅಂತ ಗೊತ್ತಾಗುತ್ತೆ. ಒಬ್ಬರ ಮಾತನ್ನ ವರದಿ ಮಾಡೋ ಪದಗಳನ್ನೂ ನೋಡಿಸಿ. "ಹೇಳಿದರು" ಅಂದ್ರೆ ಹೇಳಿದ್ರು ಅಷ್ಟೇ. "ಸ್ಪಷ್ಟಪಡಿಸಿದರು" ಅಂದ್ರೆ ಹೇಳಿದ್ದು ನಿಜ ಅಂತ ಪೇಪರೇ ಸಹಿ ಹಾಕಿದಂಗೆ. "ಸಮರ್ಥಿಸಿಕೊಂಡರು" ಅಂದ್ರೆ ಏನೋ ತಪ್ಪಿತ್ತು. "ಒಪ್ಪಿಕೊಂಡರು" ಅಂದ್ರೆ ಮುಚ್ಚಿಟ್ಟಿದ್ರು. "ಗುಡುಗಿದರು" ಅಂದ್ರೆ ವೀರ, "ಕಿಡಿಕಾರಿದರು" ಅಂದ್ರೆ ಸಿಡುಕ. ಇವೆಲ್ಲದರ ಜಾಗದಲ್ಲಿ "ಹೇಳಿದರು" ಹಾಕಿ ಮತ್ತೆ ಓದಿ ಅಂತ ಹೇಳಿ, ಸುದ್ದಿ ಹೇಗೆ ತಣ್ಣಗಾಗುತ್ತೆ ನೋಡ್ಲಿ.

ಒಂದು ಪದ ಬದಲಾದ್ರೆ ಏನು ಮಹಾ ಆಗುತ್ತೆ ಅಂತ ಬುದ್ಧಿವಂತ ಹುಡುಗ ಒಬ್ಬ ಕೇಳೇ ಕೇಳ್ತಾನೆ. ಅವನಿಗೆ 1974ರ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಪ್ರಯೋಗ ಹೇಳಿ. ಕಾರು ಅಪಘಾತದ ಫಿಲ್ಮ್ ತೋರಿಸಿ ಕೆಲವರಿಗೆ ಕಾರುಗಳು "ಗುದ್ದಿದಾಗ" ಎಷ್ಟು ಸ್ಪೀಡಲ್ಲಿದ್ವು ಅಂತ, ಇನ್ನು ಕೆಲವರಿಗೆ "ನಜ್ಜುಗುಜ್ಜಾಗೋ ಹಾಗೆ ಅಪ್ಪಳಿಸಿದಾಗ" ಎಷ್ಟು ಸ್ಪೀಡಲ್ಲಿದ್ವು ಅಂತ ಕೇಳಿದ್ರು. ಒಂದು ವಾರ ಬಿಟ್ಟು ಕರೆದು, ಒಡೆದ ಗಾಜು ನೋಡಿದ್ರಾ ಅಂದ್ರು. ಫಿಲ್ಮಲ್ಲಿ ಒಡೆದ ಗಾಜೇ ಇರ್ಲಿಲ್ಲ. ಆದ್ರೂ "ಗುದ್ದಿದಾಗ" ಅಂತ ಕೇಳಿಸ್ಕೊಂಡ 50 ಜನದಲ್ಲಿ 7 ಜನ, "ಅಪ್ಪಳಿಸಿದಾಗ" ಅಂತ ಕೇಳಿಸ್ಕೊಂಡ 50 ಜನದಲ್ಲಿ 16 ಜನ ಹೌದು ನೋಡಿದ್ವಿ ಅಂದ್ರು. ಕಣ್ಣಿಂದ ನೋಡಿದೋರ ನೆನಪೇ ಹೀಗೆ ತಿರುಗೋದಾದ್ರೆ ಬರೀ ಪೇಪರ್ ಓದಿದೋರ ಕತೆ ಏನು.

ಇನ್ನೊಂದು, "ಎನ್ನಲಾಗಿದೆ". ನಮ್ಮ ಪೇಪರ್‌ಗಳ ಪ್ರೀತಿಯ ಪದ. ಎನ್ನಲಾಗಿದೆ, ಎಂದು ತಿಳಿದುಬಂದಿದೆ, ಎಂಬ ಮಾತುಗಳು ಕೇಳಿಬರುತ್ತಿವೆ, ಬಲ್ಲ ಮೂಲಗಳು ತಿಳಿಸಿವೆ. ಪ್ರತಿ "ಎನ್ನಲಾಗಿದೆ"ಗೂ ಮಕ್ಕಳು ಒಂದು ಸುತ್ತು ಹಾಕಿ ಪಕ್ಕದಲ್ಲಿ "ಯಾರು ಅಂದಿದ್ದು?" ಅಂತ ಬರೀಲಿ. ಮೂಲದ ಹೆಸರು ಹೇಳೋಕೆ ಆಗದ ಸಂದರ್ಭ ನಿಜವಾಗ್ಲೂ ಇರುತ್ತೆ, ಹೆಸರು ಹೇಳಿದ್ರೆ ಪಾಪ ಅವರ ಕೆಲಸ ಹೋಗುತ್ತೆ, ಜೀವಕ್ಕೆ ಅಪಾಯ ಆಗುತ್ತೆ, ಅದನ್ನೂ ಹೇಳಿ. ಆದ್ರೆ ಒಂದು ಕಡೆಯವರ ಮಾತೆಲ್ಲ ಹೆಸರು ಹುದ್ದೆ ಸಮೇತ ಇದ್ದು, ಅವರ ಮೇಲಿನ ದೂರೆಲ್ಲ ಬರೀ ಎನ್ನಲಾಗಿದೆಯಲ್ಲಿ ಇದ್ರೆ, ರಿಪೋರ್ಟರ್ ಇನ್ನೊಂದು ಕಡೆ ಹೋಗೇ ಇಲ್ಲವೇನೋ ಅಂತ ಅನುಮಾನ ಪಡೋಕೆ ಜಾಗ ಇದೆ. ಹಾಗೇ "ಗುಂಡು ತಗುಲಿ ಇಬ್ಬರ ಸಾವು", "ಕಟ್ಟಡ ಕುಸಿದು ಐವರ ಸಾವು" ಅನ್ನೋ ಹೆಡ್‌ಲೈನ್‌ಗಳು. ಗುಂಡು ತಾನಾಗೇ ಬಂದು ತಗುಲ್ತಾ? ಯಾರು ಹಾರಿಸಿದ್ದು ಅಂತ ಪೇಪರ್ ಪ್ರಿಂಟಿಗೆ ಹೋಗೋ ಹೊತ್ತಿಗೆ ಗೊತ್ತಿರದೆ ಇದ್ರೆ ಆ ಹೆಡ್‌ಲೈನ್ ಪ್ರಾಮಾಣಿಕ, ಮೂರನೇ ಪ್ಯಾರಾದಲ್ಲಿ ಯಾರು ಅಂತ ಬರೆದಿದ್ದೂ ಹೆಡ್‌ಲೈನಲ್ಲಿ ಇಲ್ಲ ಅಂದ್ರೆ ಯಾಕಿಲ್ಲ ಅಂತ ಕೇಳಬೇಕು. ಈ ಎರಡರ ವ್ಯತ್ಯಾಸ ಹಿಡಿಯೋದು ಕಲಿತ ಮಗು ನನ್ನ ಪ್ರಕಾರ ಪಾಸ್.

ಪದ ಕಣ್ಣಿಗೆ ಕಾಣುತ್ತೆ, ಹಾಗಾಗಿ ಕಲಿಸೋದು ಸುಲಭ. ಕಷ್ಟ ಇರೋದು ಕಾಣದೇ ಇರೋದನ್ನ ಕಲಿಸೋದ್ರಲ್ಲಿ, ಅಂದ್ರೆ ಬಿಟ್ಟಿದ್ದು, ಕೊನೆಗೆ ತಳ್ಳಿದ್ದು, ಬರೀದೇ ಇದ್ದದ್ದು. ನನ್ನದೇ ಒಂದು ಹೇಳ್ತೀನಿ. ಒಂದು ಸಂಜೆ ಬಸ್ ನೌಕರರ ಮುಷ್ಕರದ ಸುದ್ದಿ ನನ್ನ ಟೇಬಲ್ಲಿಗೆ ಬಂತು. ರಿಪೋರ್ಟರ್ ಏಳು ಪ್ಯಾರಾ ಚೆನ್ನಾಗಿ ಬರೆದಿದ್ದ, ಮೊದಲು ನೌಕರರ ಬೇಡಿಕೆ, ಬಾಕಿ ಸಂಬಳ, ಮಾತುಕತೆ ಯಾಕೆ ಮುರೀತು, ಕೊನೆಗೆ ಜನಕ್ಕಾದ ತೊಂದರೆ. ಇದ್ದದ್ದು ಮೂರು ಪ್ಯಾರಾಗೆ ಜಾಗ. ನಾನು ಆವತ್ತು ಬಸ್ಸಿಲ್ಲದೆ ಬಿಸಿಲಲ್ಲಿ ಎರಡು ಗಂಟೆ ನಿಂತು, ನಡೆದು, ಲೇಟಾಗಿ ಬೈಸ್ಕೊಂಡು ಬಂದು ಕೂತಿದ್ದೆ. ಕತ್ತರಿ ಹಾಕಿ "ದಿಢೀರ್ ಮುಷ್ಕರ: ಪ್ರಯಾಣಿಕರ ಪರದಾಟ" ಅಂತ ಹೆಡ್‌ಲೈನ್ ಕೊಟ್ಟು ಪೇಜ್ ಬಿಟ್ಟೆ. ಬಾಕಿ ಸಂಬಳದ ವಿಷಯ ಒಂದು ಸಾಲಿಗೆ ಇಳಿದಿತ್ತು. "ದಿಢೀರ್" ಬೇರೆ, ಅವರು ಹತ್ತು ದಿನ ಮುಂಚೆ ನೋಟಿಸ್ ಕೊಟ್ಟಿದ್ರು ಅಂತ ಅದೇ ಕಾಪಿಯ ಆರನೇ ಪ್ಯಾರಾದಲ್ಲಿತ್ತು, ನಾನು ಹಾರಿಸಿದ ಪ್ಯಾರಾ ಅದು. ಪೇಪರ್ ಮಾಲೀಕರು ಫೋನ್ ಮಾಡ್ಲಿಲ್ಲ, ಯಾವ ಪಕ್ಷದೋರೂ ದುಡ್ಡು ಕೊಡ್ಲಿಲ್ಲ, ನನ್ನ ಕಾಲು ನೋಯ್ತಿತ್ತು ಅಷ್ಟೇ. ಮಾರನೇ ದಿನ ಆ ರಿಪೋರ್ಟರ್ ನನ್ನ ಜೊತೆ ಮಾತಾಡ್ಲಿಲ್ಲ. ನಿಮ್ಮ ಮಕ್ಕಳಿಗೆ ಪಕ್ಷಪಾತ ಅಂದ ತಕ್ಷಣ "ಮಾರಿಕೊಂಡಿದ್ದಾರೆ" ಅಂತ ಹೊಳೆಯುತ್ತಲ್ಲ, ಮಾರಿಕೊಳ್ಳೋರು ಇಲ್ಲ ಅಂತಲ್ಲ, ಇದ್ದಾರೆ, ಆದ್ರೆ ವಾಲಿಕೆಯ ದೊಡ್ಡ ಪಾಲು ಹೀಗೆ ಬರುತ್ತೆ: ಬರೆಯೋರು ಎಲ್ಲಿ ವಾಸ ಮಾಡ್ತಾರೆ, ಯಾರ ಜೊತೆ ಓಡಾಡ್ತಾರೆ, ಯಾರು ಫೋನ್ ಎತ್ತುತ್ತಾರೆ, ಡೆಡ್‌ಲೈನ್ ಎಷ್ಟು ಹೊತ್ತಿಗೆ, ಯಾವ ಫೋಟೋ ಕೈಗೆ ಸಿಕ್ತು.

ಇದಕ್ಕೆ ದೊಡ್ಡ ಉದಾಹರಣೆ ಬೇಕು ಅಂದ್ರೆ 1920ಕ್ಕೆ ಹೋಗಿ. ವಾಲ್ಟರ್ ಲಿಪ್‌ಮನ್ ಮತ್ತು ಚಾರ್ಲ್ಸ್ ಮರ್ಜ್ ಅನ್ನೋ ಇಬ್ಬರು ಪತ್ರಕರ್ತರು ರಷ್ಯಾ ಕ್ರಾಂತಿ ಬಗ್ಗೆ ನ್ಯೂಯಾರ್ಕ್ ಟೈಮ್ಸ್ ಮೂರು ವರ್ಷ ಪ್ರಕಟಿಸಿದ ಸುದ್ದಿಗಳನ್ನೆಲ್ಲ ಗುಡ್ಡೆ ಹಾಕ್ಕೊಂಡು ಓದಿದ್ರು, ಮೂರು ಸಾವಿರಕ್ಕೂ ಹೆಚ್ಚು ಸುದ್ದಿ. ಕ್ರಾಂತಿ ಮಾಡಿ ಅಧಿಕಾರಕ್ಕೆ ಬಂದಿದ್ದ ಬೋಲ್ಶೆವಿಕರ ಸರ್ಕಾರ ಬಿತ್ತು, ಇನ್ನೇನು ಬೀಳುತ್ತೆ ಅಂತ ಎರಡು ವರ್ಷದಲ್ಲಿ 91 ಸಲ ಬಂದಿತ್ತು. ಸರ್ಕಾರ ಬೀಳ್ಲಿಲ್ಲ. ಒಳಗೆ ಪಿತೂರಿ ನಡೆದಿತ್ತು ಅಂತ ಅವರು ತೀರ್ಮಾನ ಮಾಡ್ಲಿಲ್ಲ, ರಿಪೋರ್ಟರ್‌ಗಳ, ಎಡಿಟರ್‌ಗಳ ಆಸೆ ಮತ್ತು ಭಯಾನೇ ಇದಕ್ಕೆ ಮುಖ್ಯ ಕಾರಣ ಅಂದ್ರು. ಬೀಳಲಿ ಅಂತ ಮನಸ್ಸಲ್ಲಿ ಇತ್ತು, ಬಿತ್ತು ಅಂತ ಯಾರಾದ್ರೂ ಹೇಳಿದ್ರೆ ಎರಡನೇ ಸಲ ಕೇಳದೆ ಹಾಕಿದ್ರು. ಈಗ ನಾವು ವಾಟ್ಸಾಪಲ್ಲಿ ಫಾರ್ವರ್ಡ್ ಮಾಡೋ ಹಾಗೇ.

ಆದ್ರೆ ಪ್ರತಿ ತಪ್ಪೂ ಪಕ್ಷಪಾತ ಅಲ್ಲ, ಈ ಗೆರೆ ಮಕ್ಕಳಿಗೆ ಬೇಗ ಅಳಿಸಿಹೋಗುತ್ತೆ. 1948ರ ಅಮೆರಿಕದ ಅಧ್ಯಕ್ಷರ ಚುನಾವಣೆಯಲ್ಲಿ ಶಿಕಾಗೋ ಟ್ರಿಬ್ಯೂನ್ ಅನ್ನೋ ಪೇಪರ್ "ಟ್ರೂಮನ್ ವಿರುದ್ಧ ಡ್ಯೂಯಿ ಗೆಲುವು" ಅಂತ ಮುಖಪುಟದಲ್ಲಿ ದಪ್ಪ ಅಕ್ಷರದಲ್ಲಿ ಹಾಕಿತ್ತು, ಗೆದ್ದಿದ್ದು ಟ್ರೂಮನ್, ಆ ಪೇಪರ್ ಎತ್ತಿ ಹಿಡಿದು ನಗ್ತಿರೋ ಅವರ ಫೋಟೋ ನೀವೂ ನೋಡಿರ್ತೀರ. ಆ ಪೇಪರಿಗೆ ಟ್ರೂಮನ್ ಕಂಡ್ರೆ ಆಗ್ತಿರ್ಲಿಲ್ಲ ಅನ್ನೋದು ನಿಜ. ಅಚ್ಚುಮೊಳೆ ಜೋಡಿಸೋರ ಮುಷ್ಕರದಿಂದ ಆವತ್ತು ಮಾಮೂಲಿಗಿಂತ ಎಷ್ಟೋ ಮುಂಚೆ ಪೇಜ್ ಕಳಿಸಬೇಕಾಗಿ ಬಂದಿತ್ತು ಅನ್ನೋದೂ ನಿಜ, ಡ್ಯೂಯಿನೇ ಗೆಲ್ಲೋದು ಅಂತ ಸಮೀಕ್ಷೆಗಳು ಹೇಳಿದ್ವು ಅನ್ನೋದೂ ನಿಜ. ಎಷ್ಟು ಪಾಲು ತಪ್ಪು, ಎಷ್ಟು ಪಾಲು ಆಸೆ ಅಂತ ಕ್ಲಾಸಲ್ಲಿ ಹಂಚಿ ನೋಡ್ಲಿ.

ಫೋಟೋ ಬಗ್ಗೆ ಒಂದು ಪಿರಿಯಡ್ ಎತ್ತಿಡಿ. 2005ರ ಆಗಸ್ಟ್ ಕೊನೆಯಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ಊರು ಕತ್ರಿನಾ ಚಂಡಮಾರುತಕ್ಕೆ ಮುಳುಗಿದಾಗ ಎದೆಮಟ್ಟ ನೀರಲ್ಲಿ ತಿನ್ನೋ ಸಾಮಾನು ಹಿಡ್ಕೊಂಡು ಹೋಗ್ತಿರೋರ ಎರಡು ಫೋಟೋ ಇಂಟರ್ನೆಟ್ಟಲ್ಲಿ ಅಕ್ಕಪಕ್ಕ ಓಡಾಡಿದ್ವು. ಒಂದರಲ್ಲಿ ಕಪ್ಪು ಹುಡುಗ, ಕೆಳಗೆ ಅಂಗಡಿ "ಲೂಟಿ ಮಾಡಿ" ಬರ್ತಿದ್ದಾನೆ ಅಂತ. ಇನ್ನೊಂದರಲ್ಲಿ ಬಿಳಿ ಬಣ್ಣದ ಇಬ್ಬರು, ಕೆಳಗೆ ಅಂಗಡಿಯಿಂದ ಬ್ರೆಡ್, ಸೋಡಾ "ಸಿಕ್ಕಿದ ಮೇಲೆ" ಹೋಗ್ತಿದ್ದಾರೆ ಅಂತ. ಮಕ್ಕಳು ಒಂದೇ ಏಟಿಗೆ ಜನಾಂಗಭೇದ ಅಂತಾರೆ. ಅಲ್ಲಿಗೆ ನಿಲ್ಲಿಸಬೇಡಿ. ಮೊದಲನೇದು ಎಪಿ ಅನ್ನೋ ಸುದ್ದಿ ಏಜೆನ್ಸಿಯದು, ಎರಡನೇದು ಎಎಫ್‌ಪಿ ಅನ್ನೋ ಬೇರೆ ಏಜೆನ್ಸಿಯದು, ಫೋಟೋಗ್ರಾಫರ್ ಬೇರೆ ಬೇರೆ, ಒಂದೇ ಟೇಬಲ್ಲಲ್ಲಿ ಕೂತು ಯಾರೂ ಎರಡೂ ಬರೆದಿರ್ಲಿಲ್ಲ. ಆ ಹುಡುಗ ಅಂಗಡಿ ಒಳಗೆ ಹೋಗಿ ತಗೊಂಡು ಬಂದಿದ್ದನ್ನ ನಮ್ಮ ಫೋಟೋಗ್ರಾಫರ್ ನೋಡಿದ್ದ ಅಂತ ಎಪಿ ಹೇಳ್ತು, ಅಂಗಡಿಯಿಂದ ಸಾಮಾನು ನೀರಲ್ಲಿ ತೇಲಿ ಬರ್ತಿತ್ತು, ಅದನ್ನ ಎತ್ಕೊಂಡ್ರು ಅಂತ ಎರಡನೇ ಫೋಟೋ ತೆಗೆದೋರು ಹೇಳಿದ್ರು. ಇದನ್ನ ಕೇಳಿದ ಮೇಲೆ ಕ್ಲಾಸ್ ಒಂದು ನಿಮಿಷ ಸುಮ್ಮನಾಗುತ್ತೆ. ಆಮೇಲೆ ಯಾರಾದ್ರೂ ಒಬ್ಬ ಹುಡುಗಿ ಕೇಳ್ತಾಳೆ, ಸರಿ ಸರ್, ಆದ್ರೆ ಹಸಿದೋನು ಮುಳುಗಿದ ಅಂಗಡಿಯಿಂದ ತಿನ್ನೋದು ತಗೊಂಡ್ರೆ ಅದಕ್ಕೆ "ಲೂಟಿ" ಅನ್ನೋ ಪದಾನೇ ಯಾಕೆ ಬೇಕಿತ್ತು ಅಂತ. ಮೊದಲ ಏಟಿಗೆ ಬಂದ ಉತ್ತರಕ್ಕಿಂತ ಇದು ಎಷ್ಟು ಮೇಲು ನೋಡಿ.

ಹಾಗಾದ್ರೆ ಎರಡೂ ಕಡೆಗೆ ಅರ್ಧರ್ಧ ಜಾಗ ಕೊಟ್ರೆ ಸರಿ ಹೋಗುತ್ತಾ ಅಂದ್ರೆ, ಅದೂ ಇಲ್ಲ. ಹವಾಮಾನ ಬದಲಾವಣೆ ಬಗ್ಗೆ 1988ರಿಂದ 2002ರ ತನಕ ಅಮೆರಿಕದ ನಾಲ್ಕು ದೊಡ್ಡ ಪೇಪರ್‌ಗಳಲ್ಲಿ ಬಂದ ಸುದ್ದಿಗಳನ್ನ ಬಾಯ್ಕಾಫ್ ಅನ್ನೋ ಇಬ್ಬರು ಸೋದರರು ಪರೀಕ್ಷೆ ಮಾಡಿ 2004ರಲ್ಲಿ ಪ್ರಕಟಿಸಿದ್ರು. ಅರ್ಧಕ್ಕಿಂತ ಹೆಚ್ಚು ಸುದ್ದಿಗಳು ಮನುಷ್ಯರಿಂದ ಭೂಮಿ ಬಿಸಿಯಾಗ್ತಿದೆ ಅನ್ನೋರಿಗೂ ಅದು ಪ್ರಕೃತಿಯ ಏರಿಳಿತ ಅಷ್ಟೇ ಅನ್ನೋರಿಗೂ ಹೆಚ್ಚುಕಮ್ಮಿ ಸಮ ಜಾಗ ಕೊಟ್ಟಿದ್ವು, ವಿಜ್ಞಾನಿಗಳಲ್ಲಿ ಹಾಗೆ ಸಮಸಮ ಇರ್ಲಿಲ್ಲ. ತಕ್ಕಡಿ ನೇರ ಇಟ್ಟಿದ್ರಿಂದಲೇ ಸುದ್ದಿ ವಾಲಿತ್ತು. ಟೀವಿ ಡಿಬೇಟಲ್ಲಿ ನಾಲ್ಕು ಕಿಟಕಿ ಮಾಡಿ ಕೂರಿಸೋದು ಇದೇ ಕತೆ, ಅದರ ಬಗ್ಗೆ ಬರೀತಾ ಹೋದ್ರೆ ನನಗೆ ಸಿಟ್ಟು ಬರುತ್ತೆ, ಬಿಡಿ.

ಈಗ ಪಟ್ಟಿ ವಿಷಯ. ಇಂಥ ಚಾನೆಲ್ ಎಡ, ಇಂಥದ್ದು ಬಲ ಅಂತ ಬಣ್ಣ ಹಚ್ಚಿದ ಚಾರ್ಟ್‌ಗಳು ಸಿಗ್ತವೆ, ಅವು ಬ್ರ್ಯಾಂಡಿಗೆ ಚೀಟಿ ಅಂಟಿಸ್ತವೆ, ಎದುರಿಗಿರೋ ಸುದ್ದಿಗಲ್ಲ. ವಾಲಿದ ಪೇಪರಲ್ಲೂ ಶ್ರದ್ಧೆಯಿಂದ ಮಾಡಿದ ರಿಪೋರ್ಟ್ ಬರುತ್ತೆ, ಒಳ್ಳೇ ಹೆಸರಿನ ಪೇಪರಲ್ಲೂ ನನ್ನ ಮುಷ್ಕರದ ಹೆಡ್‌ಲೈನ್ ಬರುತ್ತೆ. ಚಾರ್ಟ್ ಕೈಗೆ ಕೊಟ್ರೆ ಮಕ್ಕಳು ಓದೋದನ್ನೇ ಬಿಡ್ತಾರೆ, ಮೇಲೆ ಹೆಸರು ನೋಡಿ ಕೆಳಗೆ ತೀರ್ಪು. ಹೆಸರು ಗೊತ್ತಿಲ್ಲದ ವೆಬ್‌ಸೈಟ್ ಬಂದಾಗ ಏನು ಮಾಡಬೇಕು ಅನ್ನೋದಕ್ಕೆ ಬೇರೆ ದಾರಿ ಇದೆ. ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ 2017ರಲ್ಲಿ 10 ಇತಿಹಾಸಕಾರರು, 10 ಫ್ಯಾಕ್ಟ್ ಚೆಕರ್‌ಗಳು, 25 ಸ್ಟ್ಯಾನ್‌ಫರ್ಡ್ ವಿದ್ಯಾರ್ಥಿಗಳು ವೆಬ್‌ಸೈಟನ್ನ ಹೇಗೆ ಅಳೀತಾರೆ ಅಂತ ನೋಡಿದ್ರು. ಪ್ರೊಫೆಸರ್‌ಗಳೂ ಹುಡುಗರೂ ಆ ಪೇಜಲ್ಲೇ ಕೂತು ಲೋಗೋ, ವಿನ್ಯಾಸ, ಭಾಷೆ ನೋಡ್ತಾ ಮೋಸ ಹೋದ್ರು, ಫ್ಯಾಕ್ಟ್ ಚೆಕರ್‌ಗಳು ಮಾತ್ರ ಪೇಜ್ ಓದೋ ಮುಂಚೆನೇ ಪಕ್ಕದಲ್ಲಿ ಹೊಸ ಟ್ಯಾಬ್ ತೆಗೆದು ಇವರ ಬಗ್ಗೆ ಬೇರೆಯವರು ಏನಂತಾರೆ, ದುಡ್ಡು ಯಾರದು ಅಂತ ಹುಡುಕಿದ್ರು. ಮಕ್ಕಳಿಗೆ ಅಷ್ಟು ಅಭ್ಯಾಸ ಮಾಡಿಸಿದ್ರೆ ಸಾಕು. ಜಾಹೀರಾತನ್ನ ಸುದ್ದಿ ತರ ಹಾಕಿರೋದನ್ನೂ ಒಂದು ಸಲ ತೋರಿಸಿ, 2016ರ ಸ್ಟ್ಯಾನ್‌ಫರ್ಡ್ ವರದಿಯೊಂದರಲ್ಲಿ "ಪ್ರಾಯೋಜಿತ" ಅಂತ ಬರೆದಿದ್ರೂ ಅದನ್ನ ಸುದ್ದಿ ಅಂದ್ಕೊಂಡ ಮಿಡ್ಲ್ ಸ್ಕೂಲ್ ಮಕ್ಕಳು ನೂರಕ್ಕೆ 80ಕ್ಕಿಂತ ಹೆಚ್ಚು.

"ಎಲ್ಲಾ ಸುಳ್ಳೇ ಮೇಡಂ" ಅನ್ನೋ ಮಕ್ಕಳ ಬಗ್ಗೆ ನನಗೆ ಜಗಳ ಆಡೋರಿಗಿಂತ ಜಾಸ್ತಿ ಚಿಂತೆ. ನೋಡೋಕೆ ಬುದ್ಧಿವಂತಿಕೆ ತರ ಕಾಣುತ್ತೆ, ಆದ್ರೆ ಓದದೇ ಇರೋಕೆ ಸಿಕ್ಕಿದ ನೆಪ ಅದು. ಎಲ್ಲ ಸುಳ್ಳು ಅಂದೋನು ಸಂಜೆ ಮನೆಗೆ ಹೋಗಿ ಯಾರೋ ಕಳಿಸಿದ ವಿಡಿಯೋ ಪೂರ್ತಿ ನಂಬ್ತಾನೆ. ಇವರಿಗೆ ಕೆಲಸ ಬೇರೆ ಕೊಡಿ. ಒಂದು ಸುದ್ದಿ ತಗೊಂಡು ಇದರಲ್ಲಿ ಯಾವ ಮೂರು ವಾಕ್ಯ ನಂಬಬಹುದು, ಯಾಕೆ ಅಂತ ಬರೀಲಿ. ದಾಖಲೆ ತೋರಿಸಿದೆಯಾ, ಹೆಸರು ಹೇಳಿದೆಯಾ, ಆರೋಪ ಹೊತ್ತೋರ ಹೇಳಿಕೆ ಕೇಳಿದೆಯಾ, ಎದುರು ಪೇಪರೂ ಅದನ್ನೇ ಬರೆದಿದೆಯಾ. ತಿದ್ದುಪಡಿ ಪ್ರಕಟಿಸೋ ಪೇಪರ್ ಕಂಡ್ರೆ ಮಕ್ಕಳು ನಗ್ತಾರೆ, ನೋಡಿ ತಪ್ಪು ಮಾಡಿದ್ದಾರೆ ಅಂತ. ನಿನ್ನೆ ನಾವು ಬರೆದಿದ್ದು ತಪ್ಪು ಅಂತ ಅಚ್ಚು ಹಾಕಿಸೋಕೆ ಡೆಸ್ಕಲ್ಲಿ ಎಷ್ಟು ಗುದ್ದಾಡಬೇಕು ಅಂತ ನನ್ನನ್ನ ಕೇಳಿ.

ಆ ಪೋಷಕರ ಜೊತೆ ವಾದಕ್ಕೆ ಹೋಗಬೇಡಿ. ಮೈದಾನದ ಪಾಠ ಅವರ ಮುಂದೆ ಇಡಿ, ಸಾಧ್ಯವಾದ್ರೆ ಅವರ ಕೈಯಲ್ಲೇ ನಾಲ್ಕು ವಾಕ್ಯ ಬರೆಸಿ, ನಾನು ಪೋಷಕರ ಮೀಟಿಂಗಲ್ಲಿ ಒಂದು ಸಲ ಮಾಡಿಸಿದೀನಿ, ಮಕ್ಕಳಿಗಿಂತ ಜೋರಾಗಿ ಗಲಾಟೆ ಮಾಡಿ ನಕ್ಕು ಹೋದ್ರು. ನಿಜವಾದ ಪೇಪರಿಗೆ ಬಂದಾಗ ಮೊದಲ ಒಂದು ತಿಂಗಳು ಕ್ರೀಡೆ, ಹವಾಮಾನ, ಪರೀಕ್ಷೆ ಫಲಿತಾಂಶ, ಹೊಸ ಮೊಬೈಲ್ ಬಿಡುಗಡೆ ಇಂಥವೇ ಇರ್ಲಿ. ರಾಜಕೀಯ ಕೊನೆಗೆ ಬರ್ಲಿ, ಬಂದಾಗ ಎರಡೂ ಕಡೆ ವಾಲಿದ ಸುದ್ದಿ ಸಮ ಸಂಖ್ಯೆಯಲ್ಲಿ ಇರ್ಲಿ, ಎಣಿಸಿ ಇಡಿ, ಯಾರಾದ್ರೂ ಕೇಳಿದ್ರೆ ತೋರಿಸೋಕೆ ಆಗುತ್ತೆ. ನಿಮ್ಮ ಓಟು ಯಾರಿಗೆ ಅಂತ ಮಕ್ಕಳು ಊಹೆ ಮಾಡೋಕೆ ನೋಡ್ತಾರೆ, ವರ್ಷದ ಕೊನೆಗೂ ಊಹೆ ಎರಡು ಕಡೆ ಹಂಚಿಹೋಗಿದ್ರೆ ನೀವು ಚೆನ್ನಾಗಿ ಪಾಠ ಮಾಡಿದೀರಿ.

ಮಾರ್ಕ್ಸ್ ವಿಷಯಕ್ಕೆ ಬಂದ್ರೆ, "ಈ ಸುದ್ದಿ ಪಕ್ಷಪಾತದಿಂದ ಕೂಡಿದೆಯೇ" ಅನ್ನೋ ಪ್ರಶ್ನೆ ಕೊಡಲೇಬೇಡಿ, ಹೌದು ಅಂತ ಬರೆದು ಎರಡು ಪ್ಯಾರಾ ಭಾಷಣ ಬಿಗೀತಾರೆ. ನಾನು 20 ಮಾರ್ಕ್ಸನ್ನ ಹೀಗೆ ಒಡೀತೀನಿ. ಸುದ್ದಿಯಿಂದ ಪದ ಎತ್ತಿ ತೋರಿಸಿದ್ದಕ್ಕೆ 5, ಆ ಪದದ ಜಾಗದಲ್ಲಿ ಬೇರೆ ಪದ ಹಾಕಿ ಏನು ಬದಲಾಯ್ತು ಅಂತ ಬರೆದಿದ್ದಕ್ಕೆ 5, ಈ ಸುದ್ದಿಯಲ್ಲಿ ಯಾರ ಮಾತು ಇಲ್ಲ, ಅವರನ್ನ ಯಾವ ಪ್ರಶ್ನೆ ಕೇಳಬಹುದಿತ್ತು ಅಂತ ಬರೆದಿದ್ದಕ್ಕೆ 5. ಕೊನೆ 5 ಮಾರ್ಕ್ಸಿಗೆ ಮಗು ತನಗೆ ಒಪ್ಪಿಗೆ ಇರೋ ಒಂದು ಸುದ್ದಿಯನ್ನ ತಾನೇ ಮನೆಯಿಂದ ಆರಿಸಿ ತಂದು ಅದರ ಮೇಲೆ ಇದೇ ಕೆಲಸ ಮಾಡಬೇಕು. ಮೊದಲ ವರ್ಷ ಈ ಕೊನೆ ಪ್ರಶ್ನೆಗೆ ನನ್ನ ಕ್ಲಾಸಲ್ಲಿ ಮುಕ್ಕಾಲು ಪಾಲು ಮಕ್ಕಳು ಖಾಲಿ ಬಿಟ್ಟಿದ್ರು, ಒಬ್ಬ ಹುಡುಗ "ಇದರಲ್ಲಿ ಏನೂ ಇಲ್ಲ ಸರ್, ಇದು ಸರಿಯಾಗೇ ಇದೆ" ಅಂತ ಬರೆದು ಸುದ್ದಿ ಅಂಟಿಸಿದ್ದ. ಅವನನ್ನ ಕರೆದು ಪಕ್ಕ ಕೂರಿಸ್ಕೊಂಡು ಬರೀ ಕ್ರಿಯಾಪದಗಳ ಕೆಳಗೆ ಗೆರೆ ಎಳಿ ಅಂದೆ. ಐದನೇ ಗೆರೆ ಎಳೆಯೋ ಹೊತ್ತಿಗೆ ಪೆನ್ ನಿಲ್ಲಿಸಿ "ಸರ್, ಬೇರೆ ಸುದ್ದಿ ತರ್ಲಾ" ಅಂದ.